ಕೆರೆಮನೆಯ ಬಚ್ಚಲ ಬಾಗಿಲು

ನಮ್ಮ ಮನೆಯಲ್ಲಿ ರಜೆ ಎನ್ನುವುದು ಬೇರೆಯವರಿಗೆ ಬರುವ ಕಾಯಿಲೆ. ಬಾಗಿಲು, ಕಿಟಕಿ ಮಾಡಿಕೊಡುವ ಕಾರ್ಖಾನೆ ನಮ್ಮದು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಬೀದಿಗೆ ತೆರೆದುಕೊಂಡ ಒಂದು ಷೆಡ್ಡು, ಅದರ ತಲೆಯ ಮೇಲೆ ನಾವು ಇರುವ ಮೂರು ಕೋಣೆ. ಕೆಳಗೆ ಗರಗಸದ ಯಂತ್ರ ಓಡಿದರೆ ಮೇಲೆ ನನ್ನ ಅಡುಗೆಮನೆಯ ಲೋಟಗಳೆಲ್ಲ ಕುಣಿಯುತ್ತವೆ. ಭಾನುವಾರವೂ ಕುಣಿಯುತ್ತವೆ. ಅಂಥ ಮನೆಯ ಯಜಮಾನ, ಅಂದರೆ ನನ್ನ ಗಂಡ, ಒಂದು ದಿನ ಊಟಕ್ಕೆ ಕೂತವರು, "ಒಂದು ವಾರ ಎಲ್ಲರೂ ಹೋಗಿ ಕೆರೆ ಪಕ್ಕ ಮನೆ ಬಾಡಿಗೆ ಹಿಡಿದು ಇದ್ದು ಬರೋಣ" ಎಂದಾಗ ಅತ್ತೆ ಎದ್ದು ಬಂದು ಅವರ ಹಣೆ ಮುಟ್ಟಿ ನೋಡಿದರು.

ಜ್ವರ ಇರಲಿಲ್ಲ. ಇದ್ದದ್ದು ಬೇರೆ, ಅದು ನನಗೆ ಗೊತ್ತಿತ್ತು. ಇನ್ನು ಮೇಲೆ ಅಳತೆಗೆ ಹೋಗಬೇಡಿ ಎಂದು ಮಾವನವರಿಗೆ ಹೇಳಬೇಕಿತ್ತು. ಒಂದೇ ಸಾಲಿನ ಮಾತು. ಆ ಒಂದು ಸಾಲು ಹೇಳಲು ನನ್ನ ಗಂಡನಿಗೆ ಒಂದು ಕೆರೆ ಬೇಕಾಯಿತು.

ನಮ್ಮಲ್ಲಿ ಕೆಲಸ ನಡೆಯುವ ರೀತಿಯನ್ನು ಮೊದಲು ಹೇಳಬೇಕು. ಗಿರಾಕಿಯ ಮನೆಗೆ ಹೋಗಿ ಚೌಕಟ್ಟಿನ ಅಳತೆ ತೆಗೆದುಕೊಂಡು ಬರುವುದು ಮಾವನ ಕೆಲಸ. ಅವರು ಅಳೆಯುವುದು ಗೇಣಿನಲ್ಲಿ. ಬಲಗೈಯ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದು ಗೇಣು, ಉಳಿದದ್ದಕ್ಕೆ ಬೆರಳು. ಟೇಪನ್ನು ಅವರು ಮುಟ್ಟಿದವರಲ್ಲ. ಯಾರಾದರೂ ಕೊಡಲು ಹೋದರೆ, "ಟೇಪು ಮರೆತು ಬರಬಹುದು, ಕೈ ಎಲ್ಲಾದ್ರೂ ಮರೆತು ಬರ್ತೀವಾ?" ಎನ್ನುತ್ತಿದ್ದರು. ಮೊದಲೆಲ್ಲ ಅಳೆಯುವವರೂ ಅವರೇ, ಕೊಯ್ಯುವವರೂ ಅವರೇ. ಆಮೇಲೆ ನನ್ನ ಗಂಡ ಯಂತ್ರ ತಂದರು. ಯಂತ್ರಕ್ಕೆ ಗೇಣು ತಿಳಿಯುತ್ತದೆಯೇ? ಇಂಚು ಬೇಕು. ಹಾಗಾಗಿ ಯಂತ್ರ ಬಂದ ದಿನವೇ ಮಾವನ ಕೈಯನ್ನು ಹಲಗೆಯ ಮೇಲೆ ಅಗಲಿಸಿ ಇರಿಸಿ, ಅಳೆದು, ಷೆಡ್ಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದರು: ಗೇಣಿಗೆ ಒಂಬತ್ತಿಂಚು, ಬೆರಳಿಗೆ ಮುಕ್ಕಾಲಿಂಚು. ಅಂದಿನಿಂದ ಮಾವ ಬಂದು "ಒಂಬತ್ತು ಗೇಣು, ಮೂರು ಬೆರಳು" ಎನ್ನುತ್ತಾರೆ, ಇವರು ಗೋಡೆ ನೋಡಿ ಗುಣಿಸಿ ಯಂತ್ರಕ್ಕೆ ಕೊಡುತ್ತಾರೆ. ನನ್ನ ಮಗಳು ಹುಟ್ಟಿ ಅವಳು ಐದನೇ ತರಗತಿಗೆ ಬರುವವರೆಗೂ ಅಪ್ಪ ಮಗ ಹಾಲು ಸಕ್ಕರೆಯಂತೆ ಹೀಗೇ ನಡೆಸಿಕೊಂಡು ಬಂದರು.

ಕೆಟ್ಟದ್ದು ಈಚೆಗೆ. ಬಾಗಿಲುಗಳು ದೊಡ್ಡವಾಗತೊಡಗಿದವು. ಮೊದಮೊದಲು ಕೂದಲೆಳೆಯಷ್ಟು, ಉಜ್ಜುಗೊರಡು ಹಾಕಿ ಎರಡು ಸಲ ಎಳೆದರೆ ಸರಿಹೋಗುತ್ತಿತ್ತು. ಆಮೇಲೆ ಬೆರಳಿನಷ್ಟಾಯಿತು. ಹಲ್ಲಿನ ಡಾಕ್ಟರೊಬ್ಬರ ಆಸ್ಪತ್ರೆಗೆ ಮಾಡಿದ ಬಾಗಿಲಂತೂ ಒಂದು ಹಿಡಿಯಷ್ಟು ಉದ್ದವಾಗಿ ಚೌಕಟ್ಟಿನ ಒಳಗೇ ಹೋಗಲಿಲ್ಲ. ಗೋಡೆಗೆ ಒರಗಿಸಿದ ಆ ಬಾಗಿಲ ಪಕ್ಕದಲ್ಲೇ, ಬೀದಿಯವರೆಲ್ಲ ನೋಡುವಂತೆ, ಡಾಕ್ಟರು ವಾರವಿಡೀ ಜನರ ಹಲ್ಲು ಕಿತ್ತರಂತೆ. ಫೋನಿನಲ್ಲಿ ಬೈಸಿಕೊಳ್ಳುವ ಇಲಾಖೆ ನನ್ನದು. ಅವರು ಬೈದ ಬೈಗುಳಕ್ಕೆ ನನ್ನ ಹಲ್ಲೇ ಸಡಿಲವಾಯಿತು.

ನನ್ನ ಗಂಡ ಟೇಪು ಹಿಡಿದು ಹೋಗಿ ಅಳೆದು ನೋಡಿದರು. ಮಾವ ಕೊಟ್ಟಿದ್ದ ಲೆಕ್ಕ ತಪ್ಪು. ಮಾವನನ್ನೇ ಮತ್ತೆ ಕಳಿಸಿದರು. ಮಾವ ಮತ್ತೆ ಅದೇ ಲೆಕ್ಕ ತಂದರು. ಅಪ್ಪನಿಗೆ ವಯಸ್ಸಾಯಿತು, ಎಣಿಸುವುದು ತಪ್ಪುತ್ತಿದೆ ಎಂದು ಇವರು ತೀರ್ಮಾನಿಸಿದರು. ತೀರ್ಮಾನಿಸಿ, ಟೇಪಿನಿಂದ ಅಳೆಯುವ ಒಬ್ಬರನ್ನು ಗೊತ್ತುಮಾಡಿ, ಸೋಮವಾರದಿಂದ ಬನ್ನಿ ಎಂದೂ ಹೇಳಿಬಿಟ್ಟರು. ಆ ಸೋಮವಾರ ಎಂದರೆ ನಮ್ಮ ರಜೆ ಮುಗಿದ ಮರುದಿನ. ಹೇಳಬೇಕಾದವರಿಗೆ ಮಾತ್ರ ಹೇಳಿರಲಿಲ್ಲ.

"ಇಲ್ಲೇ ಹೇಳ್ಬಾರ್ದಾ?" ಎಂದು ಕೇಳಿದೆ.

"ಇಲ್ಲಿ ಬಾಯಿ ತೆಗೆದ್ರೆ ಅಪ್ಪ ಎದ್ದು ಷೆಡ್ಡಿಗೆ ಹೋಗ್ಬಿಡ್ತಾನೆ. ಕೆರೆ ಹತ್ರ ಷೆಡ್ಡು ಇಲ್ಲ, ಮರ ಇಲ್ಲ. ಕೂತು ಕೇಳ್ಲೇಬೇಕು."

ವ್ಯಾನಿನಿಂದ ಉಳಿ, ಸುತ್ತಿಗೆ, ಮೊಳೆಯ ಡಬ್ಬಿ ಎಲ್ಲ ಇಳಿಸಿ, ಹೊಟ್ಟು ಸಮೇತ ಗುಡಿಸಿ, ನಮ್ಮನ್ನು ತುಂಬಿಕೊಂಡು ಹೊರಟರು.

ಜಾಹೀರಾತಿನಲ್ಲಿ "ಕೆರೆದಂಡೆಯ ಸರಳ, ಹಳೆಯ ಕಾಲದ ಮನೆ" ಎಂದಿತ್ತು. ಸರಳ ಎಂದರೆ ಏನೂ ಇಲ್ಲ ಎಂದೂ, ಹಳೆಯ ಕಾಲದ್ದು ಎಂದರೆ ಆ ಕಾಲದಿಂದ ಯಾರೂ ಮುಟ್ಟಿಲ್ಲ ಎಂದೂ ಹೋದ ಮೇಲೆ ತಿಳಿಯಿತು. ನೀರಿಗೆ ಕೈಪಂಪು. ದೀಪಕ್ಕೆ ಲಾಟೀನು. ಹಾಸಿಗೆಯೊಳಗೆ ಒಣಹುಲ್ಲು, ಹುಲ್ಲಿನೊಳಗೆ ಇಲಿ. ಎಲ್ಲಕ್ಕಿಂತ ತಮಾಷೆ ಎಂದರೆ ಮರ ಇಲ್ಲದ ಜಾಗ ಹುಡುಕಿ ನನ್ನ ಗಂಡ ಹಿಡಿದಿದ್ದ ಆ ಮನೆಯ ಗೋಡೆ, ನೆಲ, ಸೂರು, ಮೆಟ್ಟಿಲು, ಕೊನೆಗೆ ಸಾಬೂನಿನ ಪೆಟ್ಟಿಗೆಯವರೆಗೆ ಎಲ್ಲ ಮರದ್ದೇ. ಬೆಕ್ಕಿಗೆ ಹಾಲಿನ ಚಟ ಬಿಡಿಸಲು ಡೈರಿಗೆ ಕರೆದುಕೊಂಡು ಹೋದ ಹಾಗಾಯಿತು. ಒಂದು ಕಿಟಕಿಯೂ ನೆಟ್ಟಗಿರಲಿಲ್ಲ. ಮಾವ ಈಗ ತೋಳೇರಿಸುತ್ತಾರೆ, ಆಗ ಏರಿಸುತ್ತಾರೆ ಎಂದು ಅತ್ತೆ, ನಾನು ಕಾದೆವು. ಅವರು ಏನನ್ನೂ ಮುಟ್ಟಲಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಮನೆಗೆ ಬೆನ್ನು ಮಾಡಿ, ನೀರು ನೋಡುತ್ತಾ ಕೂತರು.

"ಇವ್ರಿಗೇನೋ ಆಗಿದೆ ಕಣೇ" ಎಂದರು ಅತ್ತೆ. "ಯಾರ ಮನೆಗೆ ಹೋದ್ರೂ ಮೊದ್ಲು ಬಾಗಿಲು ಅಲ್ಲಾಡಿಸಿ ನೋಡೋ ಮನುಷ್ಯ. ನನ್ನ ನೋಡೋಕೆ ಬಂದಾಗ್ಲೂ ನನ್ನ ನೋಡ್ಲಿಲ್ಲ, ನಮ್ಮಪ್ಪನ ಮನೆ ಬಾಗಿಲೇ ನೋಡಿದ್ದು."

ಮನೆಯ ಒಡತಿ ಕೆರೆಯ ತಿರುವಿನ ಆಚೆ ಬಾತುಕೋಳಿ ಸಾಕಿಕೊಂಡಿದ್ದ ವಯಸ್ಸಾದ ಹೆಂಗಸು. ಬೀಗದಕೈ ಕೊಡಲು ಬಂದವಳು ಮನೆಯನ್ನೆಲ್ಲ ತೋರಿಸಿ ಕೊನೆಗೆ ಬಚ್ಚಲು ತೋರಿಸಿದಳು. ಸ್ನಾನಕ್ಕೂ ಅದೇ, ಉಳಿದದ್ದಕ್ಕೂ ಅದೇ. ಮನೆಯಿಂದ ನಾಲ್ಕು ಹೆಜ್ಜೆ ಆಚೆ, ಕೆರೆಗೆ ಮುಖ ಮಾಡಿ ನಿಂತ ಪುಟ್ಟ ಗೂಡು. ಬಾಗಿಲಿರಬೇಕಾದ ಕಡೆ ಒಂದು ಗೋಣಿಪರದೆ ತೂಗಾಡುತ್ತಿತ್ತು.

"ಬಾಗಿಲೆಲ್ಲಿ?" ಎಂದೆ.

"ಗಾಳಿಗೆ ಹೋಯ್ತು. ಒಳಗಿದ್ದಾಗ ಹಾಡ್ತಾ ಇರಿ, ಯಾರೂ ಬರಲ್ಲ. ಎಲ್ಲರೂ ಹಾಗೇ ಮಾಡ್ತಾರೆ" ಎಂದು ಹೇಳಿ ಅವಳು ಬಾತುಕೋಳಿಗಳ ಕಡೆ ನಡೆದಳು.

ಹೀಗೆ ನಮ್ಮ ರಜೆ ಸಂಗೀತದಿಂದ ಶುರುವಾಯಿತು. ಅತ್ತೆ ಒಳಗೆ ಹೋದರೆ ಹಾಡು ಮುಗಿಯುವವರೆಗೂ ಹೊರಗೆ ಬರುತ್ತಿರಲಿಲ್ಲ. ಕೆಲಸ ಮುಗಿದಿದ್ದರೂ ಚರಣ ಬಾಕಿ ಇರುತ್ತಿತ್ತು. ನನ್ನ ಗಂಡ ಸಿಳ್ಳೆ ಹಾಕುತ್ತಿದ್ದರು. ಮಗಳು ಮಗ್ಗಿ ಹೇಳುತ್ತಿದ್ದಳು. ಹದಿಮೂರರ ಮಗ್ಗಿ ಅವಳಿಗೆ ಬಾಯಿಪಾಠವಾದದ್ದು ಆ ಬಚ್ಚಲಿನಲ್ಲೇ. ಮಾವ ಬರೀ ಕೆಮ್ಮುತ್ತಿದ್ದರು. ನನಗೆ ಹಾಡು ಬರುವುದಿಲ್ಲ, ಶಾಲೆಯಲ್ಲೂ ಪ್ರಾರ್ಥನೆಯ ಹೊತ್ತಿಗೆ ನನಗೆ ಬಾಯಿ ಮುಚ್ಚಿಕೊಂಡಿರು ಎನ್ನುತ್ತಿದ್ದರು. ಒಂದು ಕೈಯಲ್ಲಿ ಗೋಣಿ ಹಿಡಿದು, ಇನ್ನೊಂದು ಕೈಯಲ್ಲಿ ನೀರು ಹುಯ್ದುಕೊಂಡು, "ಇದೀನಿ, ಇದೀನಿ" ಎಂದು ಕೂಗುತ್ತಿದ್ದೆ.

ಇತ್ತ ನನ್ನ ಗಂಡ ದಿನಕ್ಕೊಂದು ಮುಹೂರ್ತ ಇಡುತ್ತಿದ್ದರು. ಬೆಳಿಗ್ಗೆ ಹೇಳಿದರೆ ಅಪ್ಪನಿಗೆ ತಿಂಡಿ ಸೇರುವುದಿಲ್ಲ. ಮಧ್ಯಾಹ್ನ ಮಲಗಿರುತ್ತಾನೆ. ಸಂಜೆ ಅಮ್ಮ ಪಕ್ಕದಲ್ಲಿರುತ್ತಾಳೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಗೆ ದಿನಗಳು ಮಾತ್ರ ಸಾಯುತ್ತಿದ್ದವು. ಕೊನೆಗೆ ನನ್ನ ಕಾಟ ತಡೆಯಲಾರದೆ ಮಾವನನ್ನು ದೋಣಿ ಹತ್ತಿಸಿಕೊಂಡು ಕೆರೆಯ ನಡುವಿಗೆ ಹೋದರು. ಎದ್ದು ಹೋಗಲು ಅಲ್ಲಿ ದಾರಿಯಿಲ್ಲ ಎನ್ನುವುದು ಅವರ ಲೆಕ್ಕ. ನಾನೂ ಅತ್ತೆಯೂ ದಂಡೆಯಲ್ಲಿ ಪಾತ್ರೆ ತೊಳೆಯುತ್ತಾ ನೋಡಿದೆವು. ಇವರ ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು. ಮಾವ ತಲೆಯಾಡಿಸುತ್ತಿದ್ದರು. ಸದ್ಯ, ಬೆಕ್ಕಿಗೆ ಗಂಟೆ ಬಿತ್ತು ಎಂದುಕೊಂಡೆ.

ದೋಣಿ ಕಟ್ಟಿ ಬಂದವರನ್ನು ಬದಿಗೆ ಕರೆದು, "ಹೇಳಿದ್ರಾ?" ಎಂದು ಕೇಳಿದೆ.

"ಹೇಳ್ದೆ."

"ಏನಂತ?"

"ಮೀನು ನೀರಲ್ಲಿ ಹೇಗೆ ಉಸಿರಾಡುತ್ತೆ ಅಂತ."

 ಆಗ ನಾನು ಬಾಯಿ ಬಿಟ್ಟಿದ್ದರೆ ಆ ದಿನ ಮೀನಿನ ಉಸಿರಿಗಿಂತ ಇವರ ಉಸಿರಿನ ಚಿಂತೆ ದೊಡ್ಡದಾಗುತ್ತಿತ್ತು.

"ನೀನೇ ಹೇಳು" ಎಂದರು. "ನಿನ್ನ ಮಾತು ಅಪ್ಪ ಕೇಳ್ತಾನೆ."

"ಒಳ್ಳೆ ಮಾತಿಗೆಲ್ಲ ಮಗ, ಕೆಟ್ಟ ಮಾತಿಗೆ ಸೊಸೆ. ಚೆನ್ನಾಗಿದೆ! ನನ್ನ ಮಾವ ನನ್ನ ಹತ್ರ ಇವತ್ತಿನವರೆಗೂ ಜೋರಾಗಿ ಮಾತಾಡಿಲ್ಲ. ಅದನ್ನ ನಾನು ಕೆಡಿಸ್ಕೊಳ್ಳಲ್ಲ."

ಮಾವನ ಮೇಲಿನ ಪ್ರೀತಿಗೆ ಹಾಗಂದೆ ಎಂದು ಹೇಳಿದರೆ ಪೂರ್ತಿ ನಿಜವಾಗುವುದಿಲ್ಲ. ಹೆದರಿಕೆಯೂ ಇತ್ತು. ಜೀವಮಾನವಿಡೀ ಮಾಡಿದ ಕೆಲಸವನ್ನು ಕೈಯಿಂದ ಕಿತ್ತುಕೊಂಡರೆ ಆ ಮುಖ ಹೇಗಾಗುತ್ತದೆ ಎಂದು ನೋಡುವ ಧೈರ್ಯ ನನಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಗಾಳಿ ಎದ್ದಿತ್ತು. ನಾನು ಬಚ್ಚಲಲ್ಲಿ ತಲೆಗೆ ಸೀಗೆಪುಡಿ ಹಚ್ಚಿಕೊಂಡು, ಕಣ್ಣುಮುಚ್ಚಿ "ಇದೀನಿ" ಎನ್ನುತ್ತಿದ್ದೆ. ಗಾಳಿಗೆ ಅದು ಕೇಳಿಸಲಿಲ್ಲವೋ, ಕೇಳಿಸಿದರೂ ಲೆಕ್ಕಕ್ಕಿಲ್ಲವೋ, ಒಂದೇ ಸಲಕ್ಕೆ ಗೋಣಿಪರದೆಯನ್ನು ಮೊಳೆ ಸಮೇತ ಕಿತ್ತು ಕೆರೆಗೆ ಹಾರಿಸಿಬಿಟ್ಟಿತು. ಕಣ್ಣು ಬಿಟ್ಟರೆ ಎದುರಿಗೆ ಒಡತಿಯ ಬಾತುಕೋಳಿಗಳು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿವೆ. ಅವುಗಳ ಹಿಂದೆ ನೀರಿನಲ್ಲಿ ಒಂದು ದೋಣಿ, ದೋಣಿಯಲ್ಲಿ ಯಾರೋ ಗಂಡ ಹೆಂಡತಿ. ಆಕೆ ಮರ್ಯಾದಸ್ಥೆ, ಗಂಡನ ಟೋಪಿಯನ್ನು ಅವನ ಕಣ್ಣಿನ ಮೇಲೆ ಎಳೆದಳು. ನನಗೆ ಹಾಡಲು ಬರುವುದಿಲ್ಲ ಎಂದೆನಲ್ಲ, ಕಿರುಚಲು ಚೆನ್ನಾಗಿ ಬರುತ್ತದೆ.

ಸೀರೆ ಸುತ್ತಿಕೊಂಡು, ತಲೆಯಿಂದ ನೀರು ಸುರಿಸುತ್ತಲೇ ಜಗಲಿಗೆ ಬಂದು ಮಾವನ ಎದುರು ನಿಂತೆ.

"ಮಾವ, ಸಂಜೆಯೊಳಗೆ ನಂಗೊಂದು ಬಾಗಿಲು ಬೇಕು."

ಅವರು ಹೂಂ ಎನ್ನುತ್ತಾರೆ ಎಂದುಕೊಂಡಿದ್ದೆ. ಮಾವ ತಲೆ ತಗ್ಗಿಸಿದರು.

"ಬೇಡಮ್ಮ. ಇನ್ನೊಂದು ಗೋಣಿ ಕಟ್ಟಿಕೊಡ್ತೀನಿ."

"ಬಾಗಿಲು ಮಾಡೋರ ಮನೆ ಸೊಸೆ ಗೋಣಿ ಹಿಂದೆ ಸ್ನಾನ ಮಾಡ್ಬೇಕಾ ಮಾವ?"

"ನಾನು ಮಾಡಿದ್ರೆ ಅದು ಕೂರಲ್ಲಮ್ಮ" ಎಂದರು ಮೆಲ್ಲಗೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಷ್ಟು ಬಾಗಿಲು ಕೆಟ್ಟಾಗಲೂ ಮಾವ ಮರ ಸರಿಯಿಲ್ಲ, ಚೌಕಟ್ಟು ಸರಿಯಿಲ್ಲ ಎಂದು ಒಂದು ದಿನವೂ ಅಂದವರಲ್ಲ ಎನ್ನುವುದು ನನಗೆ ಆಗ ಹೊಳೆಯಿತು. ಆದರೆ ಬಾತುಕೋಳಿಗಳ ಮುಂದೆ ಮಾನ ಕಳೆದುಕೊಂಡವಳಿಗೆ ಯೋಚಿಸುವ ತಾಳ್ಮೆ ಎಲ್ಲಿಂದ ಬರಬೇಕು?

"ಕೂರದಿದ್ರೆ ಕೂರದಿರ್ಲಿ. ಒರಗಿಸಿಟ್ರೂ ಸಾಕು. ಬಾತುಕೋಳಿಗೆ ಕಾಣ್ದಿದ್ರೆ ಆಯ್ತು" ಎಂದೆ.

ನನ್ನ ಗಂಡ ನನ್ನನ್ನು ಕೈಪಂಪಿನ ಹಿಂದಕ್ಕೆ ಎಳೆದುಕೊಂಡು ಹೋದರು. "ನಿಂಗೆ ತಲೆ ಕೆಟ್ಟಿದ್ಯಾ? ಬಾಗಿಲ ಸಹವಾಸ ಬಿಡು ಅಂತ ಹೇಳೋಕೆ ಕರ್ಕೊಂಡು ಬಂದ್ರೆ, ನೀನು ಬಾಗಿಲು ಮಾಡು ಅಂತೀಯಲ್ಲ!"

"ನೀವು ಹೇಳೋ ಹೊತ್ತಿಗೆ ನಿಮ್ಮ ಮಗಳ ಮದುವೆ ಆಗಿರುತ್ತೆ. ಅಲ್ಲೀವರೆಗೂ ನೀವೇ ಹೋಗಿ ಬಚ್ಚಲಿಗೆ ಅಡ್ಡ ನಿಂತ್ಕೊಳ್ಳಿ" ಎಂದೆ.

ಒಡತಿಯ ಕೊಟ್ಟಿಗೆಯಲ್ಲಿ ಅವಳ ಗಂಡನ ಕಾಲದ ಒಂದು ಗರಗಸ, ಉಜ್ಜುಗೊರಡು, ಸುತ್ತಿಗೆ ಸಿಕ್ಕವು. ಹಳೇ ದೋಣಿಮನೆ ಕೆಡವಿದಾಗ ಉಳಿದ ಹಲಗೆಗಳು ಗೋಡೆಗೆ ಒರಗಿದ್ದವು. "ಏನು ಬೇಕೋ ತಗೊಳ್ಳಿ. ಬಾಗಿಲು ಬಂದ್ರೆ ಮುಂದೆ ಬರೋರು ಹಾಡೋದು ತಪ್ಪುತ್ತೆ. ಕೇಳಿ ಕೇಳಿ ನಂಗೂ ಸಾಕಾಗಿದೆ" ಎಂದಳು ಒಡತಿ.

ಮಾವ ಗರಗಸಕ್ಕೆ ಅರ ಹಾಕಿ ಹಲ್ಲು ಚೂಪು ಮಾಡಿದರು. ಆಮೇಲೆ ಬಚ್ಚಲ ಚೌಕಟ್ಟಿನ ಮುಂದೆ ನಿಂತರು. ನಿಂತೇ ಇದ್ದರು. ಕೊನೆಗೆ ಮಗಳನ್ನು ಕರೆದರು.

"ಪುಟ್ಟಿ, ಬಾ ಇಲ್ಲಿ. ನಾನು ಗೇಣು ಹಾಕ್ತೀನಿ, ನೀನೂ ಎಣಿಸು. ತಾತ ತಪ್ಪಿದ್ರೆ ಹೇಳ್ಬೇಕು, ಸುಮ್ನಿರ್ಬಾರ್ದು."

ಕೈ ಕಂಬಳಿಹುಳದಂತೆ ಚೌಕಟ್ಟು ಹತ್ತಿತು. ಎಂಟು ಗೇಣು ಎರಡು ಬೆರಳು, ಎಂದರು ಮಾವ. ಹೌದು, ಎಂದಳು ಮಗಳು. ಮಾವ ಕೈ ಒರೆಸಿಕೊಂಡು ಇನ್ನೊಮ್ಮೆ ಹತ್ತಿಸಿದರು. ಮತ್ತೂ ಒಮ್ಮೆ. ಅಷ್ಟೇ ಬಂತು. ಅದೇ ಕೈಯನ್ನು ಹಲಗೆಯ ಮೇಲೆ ನಡೆಸಿ ಗುರುತು ಹಾಕಿ ಕೊಯ್ದರು. ಪಕ್ಕದಲ್ಲಿ ನನ್ನ ಗಂಡ ಹಲಗೆಯ ಇನ್ನೊಂದು ತುದಿ ಹಿಡಿದಿದ್ದರು. ಬಿದ್ದುಹೋದ ಹಳೇ ಬಾಗಿಲಿನ ತಿರುಗಣಿಗಳು ಚೌಕಟ್ಟಿನಲ್ಲೇ ನೇತಾಡುತ್ತಿದ್ದವು, ಅವನ್ನೇ ಬಳಸಿಕೊಂಡರು. ಅತ್ತೆ ಒಂದೆರಡು ಸಲ ಚಹಾ ಮಾಡಿ ತಂದುಕೊಟ್ಟು, ಬೇರೆ ಕೆಲಸವಿಲ್ಲದವರಂತೆ ಅಲ್ಲೇ ಕೂತರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಪ್ಪ ಮಗ ಸೇರಿ ಬಾಗಿಲನ್ನು ಎತ್ತಿ ನಿಲ್ಲಿಸಿದರು. ಮಾವ ಕಣ್ಣುಮುಚ್ಚಿದ್ದನ್ನು ನಾನು ನೋಡಿದೆ. ಬಾಗಿಲು ಚೌಕಟ್ಟಿನೊಳಕ್ಕೆ ಹೋಯಿತು. ಮೇಲೆ ಉಜ್ಜಲಿಲ್ಲ, ಕೆಳಗೆ ಎಳೆಯಲಿಲ್ಲ. ದೂಡಿದರೆ ಠಕ್ ಎಂದು ಮುಚ್ಚಿಕೊಂಡಿತು. ಸುತ್ತ ಒಂದು ನಾಣ್ಯ ತೂರುವಷ್ಟು ಸಂದು, ಎಲ್ಲ ಕಡೆ ಒಂದೇ ಸಮ. ಮಗಳು ಚಪ್ಪಾಳೆ ತಟ್ಟಿದಳು. ಅತ್ತೆ, "ನಾನು ಹೇಳ್ಲಿಲ್ವಾ?" ಎಂದರು, ಏನು ಹೇಳಿದ್ದರೋ ದೇವರೇ ಬಲ್ಲ.

ನನ್ನ ಗಂಡ ಬಾಗಿಲು ತೆಗೆದರು, ಮುಚ್ಚಿದರು. ತೆಗೆದರು, ಮುಚ್ಚಿದರು. ಅವರ ಕಿವಿ ಕೆಂಪಾಗುವುದು ನನಗೆ ಕಾಣುತ್ತಿತ್ತು. ಮೂಗಿನ ತುದಿಯಲ್ಲಿ ಸಿಟ್ಟಿರುವುದು ನನಗೆ. ಅವರಿಗೆ ಅದು ವರ್ಷಕ್ಕೊಮ್ಮೆ ಬರುತ್ತದೆ, ಬಂದರೆ ದಾರಿ ನೋಡಿಕೊಂಡು ಬರುವುದಿಲ್ಲ.

"ಇಲ್ಲಿ ಹೇಗಪ್ಪ ಸರಿಯಾಯ್ತು?" ಎಂದರು. "ಇಲ್ಲಿ ಸರಿ ಬರೋದು ಡಾಕ್ಟರ ಹತ್ರ ಯಾಕೆ ಬರ್ಲಿಲ್ಲ? ಒಂದು ವರ್ಷದಿಂದ ಯಾಕೆ ಬರ್ತಿಲ್ಲ? ಬೇಕು ಅಂತ ಮಾಡ್ತಿದ್ಯಾ? ನಾನು ಯಂತ್ರ ತಂದಿದ್ದು ನಿಂಗೆ ಹಿಡಿಸ್ಲಿಲ್ಲ, ಅದಕ್ಕೆ?"

"ಏನೋ ಮಾತಾಡ್ತಿದ್ದೀಯಾ?" ಎಂದರು ಅತ್ತೆ.

"ಅಮ್ಮಾ, ನೀನು ಸುಮ್ನಿರು. ಸೋಮವಾರದಿಂದ ಅಳತೆಗೆ ಬೇರೆಯವರು ಬರ್ತಾರೆ ಅಪ್ಪ. ಟೇಪು ಹಿಡ್ಕೊಂಡು. ಹೇಳಿಬಿಟ್ಟಿದ್ದೀನಿ. ನೀನಿನ್ನು ಹೋಗೋದು ಬೇಡ."

ಒಂದು ವಾರದಿಂದ ಹೊರಡದ ಮಾತು ಹೊರಟಿತು, ಹೊರಡಬಾರದ ರೀತಿಯಲ್ಲಿ. ಮಗಳು ನನ್ನ ಸೆರಗು ಹಿಡಿದುಕೊಂಡಳು. ನನಗೆ ನನ್ನ ಗಂಡನ ಮೇಲೆ ಕೈ ಎತ್ತುವಷ್ಟು ಕೋಪ ಬಂತು.

ಮಾವ ಕೂಗಾಡಲಿಲ್ಲ. ಬಲಗೈಯನ್ನು ಹೊಸ ಬಾಗಿಲ ಮೇಲೆ ಊರಿ ನಿಂತರು.

"ಡಾಕ್ಟರ ಹತ್ರ ನೀನು ಕಳಿಸಿದ್ದು ಎರಡು ಸಲ. ನಾನು ಆಮೇಲೂ ಹೋಗಿದ್ದೆ ಕಣೋ, ನಿಂಗೆ ಹೇಳದೇನೇ" ಎಂದರು. "ಹೋದಾಗೆಲ್ಲ ಒಂದೇ ಲೆಕ್ಕ ಬಂತು. ಲೆಕ್ಕ ಸರಿ ಇದೆ, ಬಾಗಿಲು ತಪ್ಪು ಬರುತ್ತೆ. ನಾನೇನು ಮಾಡ್ಲಿ?"

ನಾನು ಅವರ ಮುಖ ನೋಡಲಾರದೆ ಕೈ ನೋಡುತ್ತಿದ್ದೆ. ಅಗಲಿಸಿ ಊರಿದ್ದ ಕೈ. ಕಿರುಬೆರಳು ಮಾತ್ರ ಬಾಗಿಲಿಗೆ ತಾಗಿರಲಿಲ್ಲ. ಅದು ಒಳಕ್ಕೆ ಮಡಿಸಿಕೊಂಡು, ಕಪ್ಪಿನ ಹಿಡಿಯನ್ನು ಹಿಡಿದಂತೆ ನಿಂತಿತ್ತು. ಅದರ ಪಕ್ಕದ್ದೂ ಪೂರ್ತಿ ನೆಟ್ಟಗಿರಲಿಲ್ಲ.

"ಮಾವ, ಆ ಬೆರಳು ಚಾಚಿ" ಎಂದೆ.

"ಚಾಚಿದೀನಲ್ಲಮ್ಮ."

"ಇನ್ನೂ ಚಾಚಿ."

"ಇಷ್ಟೇ ಅದು."

ಮಗಳ ಶಾಲೆಯ ಚೀಲದಲ್ಲಿ ಅಡಿಪಟ್ಟಿ ಇತ್ತು. ಓಡಿಹೋಗಿ ತಂದೆ. ಮಾವನ ಕೈಯನ್ನು ಜಗಲಿಯ ಹಲಗೆಯ ಮೇಲೆ ಇಡಿಸಿ, ಆಗುವಷ್ಟೂ ಅಗಲಿಸಿ, ಪಕ್ಕದಲ್ಲಿ ಅಡಿಪಟ್ಟಿ ಇಟ್ಟೆ. ಹೆಬ್ಬೆರಳಿನಿಂದ ಕಿರುಬೆರಳಿಗೆ ಎಂಟೂವರೆ ಇಂಚು. ಅದೂ ನಾನು ಕಿರುಬೆರಳನ್ನು ಒತ್ತಿ ಹಿಡಿದಿದ್ದಕ್ಕೆ.

ನನ್ನ ಗಂಡ ಬಗ್ಗಿ ನೋಡಿದರು. ಮತ್ತೆ ನೋಡಿದರು. ಲೆಕ್ಕ ಅವರಿಗೆ ನನಗಿಂತ ಬೇಗ ಹತ್ತುತ್ತದೆ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನಮ್ಮ ಮನೆಗೆ ಬೇಕಾಯಿತು.

ಕೈ ಕುಗ್ಗಿದರೆ ಅದೇ ಚೌಕಟ್ಟಿಗೆ ಗೇಣು ಜಾಸ್ತಿ ಬೀಳುತ್ತದೆ. ಮಾವ ಬಿದ್ದಷ್ಟನ್ನು ಸರಿಯಾಗಿಯೇ ಎಣಿಸಿ ತಂದು ಹೇಳಿದರು. ಇವರು ಗೋಡೆಯ ಮೇಲಿನ ಹಳೇ ಒಂಬತ್ತಿಂಚಿನಿಂದಲೇ ಗುಣಿಸಿದರು. ಬಾಗಿಲು ದೊಡ್ಡದಾಗದೆ ಇನ್ನೇನಾಗಬೇಕು? ಬೆರಳು ಬಗ್ಗಿದಷ್ಟೂ ಬಾಗಿಲು ಬೆಳೆಯಿತು. ಕೆರೆಮನೆಯಲ್ಲಿ ಆ ಗೋಡೆಯೂ ಇರಲಿಲ್ಲ, ಯಂತ್ರವೂ ಇರ‍ಲಿಲ್ಲ. ಅಳೆದ ಕೈಯೇ ಕೊಯ್ದದ್ದರಿಂದ ಬಾಗಿಲು ಹೋಗಿ ಕೂತುಕೊಂಡಿತು.

ಇದನ್ನೆಲ್ಲ ನನ್ನ ಗಂಡ ತೊದಲುತ್ತಾ ಮಾವನಿಗೆ ಹೇಳಿದರು. ಮಾವ ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ನೋವಿರ್ಲಿಲ್ವಾ ಮಾವ?" ಎಂದು ಕೇಳಿದೆ.

"ಬೆಳಗ್ಗೆ ಹೊತ್ತು ಹಿಡ್ಕೊಳ್ಳೋದು. ಯಾರ ಕೈ ನೋಯಲ್ಲಮ್ಮ ಈ ಕೆಲಸದಲ್ಲಿ?" ಎಂದವರು ಮಗನ ಕಡೆ ತಿರುಗಿದರು. "ಹಾಗಾದ್ರೆ ನಾನು ಎಣಿಸಿದ್ದು ಸರಿ ಇತ್ತಾ?"

"ಸರಿ ಇತ್ತಪ್ಪ."

"ಡಾಕ್ಟರ ಮನೇದೂ?"

"ಅದೂ ಸರಿ ಇತ್ತು."

"ಎಲ್ಲಾನೂ?"

"ಎಲ್ಲಾನೂ ಸರಿ ಇತ್ತಪ್ಪ. ಗೋಡೆ ಮೇಲೆ ನಾನು ಬರೆದಿದ್ದು ತಪ್ಪಾಗಿತ್ತು."

ಮಾವ ಜಗಲಿಯ ಮೆಟ್ಟಿಲ ಮೇಲೆ ಕೂತರು. ಅವರು ನಗುತ್ತಿದ್ದಾರೆ ಎಂದೇ ನಾನು ಮೊದಲು ಅಂದುಕೊಂಡೆ. ಭುಜ ಹಾಗೆ ಅಲುಗುತ್ತಿತ್ತು. ಅತ್ತೆ ಹೋಗಿ ಪಕ್ಕದಲ್ಲಿ ಕೂತು ಅವರ ಬೆನ್ನ ಮೇಲೆ ಕೈಯಿಟ್ಟ ಮೇಲೆಯೇ ಅದು ನಗುವಲ್ಲ ಎಂದು ತಿಳಿದದ್ದು.

"ನನ್ನ ತಲೆ ಹೋಯ್ತು ಅಂದ್ಕೊಂಡಿದ್ದೆ ಕಣೇ" ಎಂದರು ಅತ್ತೆಗೆ. "ನಮ್ಮಣ್ಣನ ಥರ."

ಮಾವನ ಅಣ್ಣನನ್ನು ನಾನು ಮದುವೆಯಾಗಿ ಬಂದ ಹೊಸದರಲ್ಲಿ ನೋಡಿದ್ದೆ. ಮೊದಲು ಲೆಕ್ಕ ಮರೆತರು, ಆಮೇಲೆ ಬೀದಿ ಮರೆತರು, ಕೊನೆಗೆ ಸ್ವಂತ ಮಕ್ಕಳನ್ನು "ನೀವು ಯಾರ ಮನೆಯವರು?" ಎಂದು ಕೇಳುತ್ತಿದ್ದರು. ಒಂದು ವರ್ಷದಿಂದ ಮಾವ ಯಾರಿಗೂ ಹೇಳದೆ, ಹೆಂಡತಿಗೂ ಹೇಳದೆ, ಆ ಅಣ್ಣನನ್ನು ತಮ್ಮೊಳಗೆ ಇಟ್ಟುಕೊಂಡು ಓಡಾಡಿದ್ದರು. ಅಳತೆಗೆ ಹೋಗಬೇಡಿ ಎಂದು ಹೇಳಿದರೆ ಈ ಜೀವ ತಡೆಯುತ್ತದೋ ಇಲ್ಲವೋ ಎಂದು ನಾವು ಒಂದು ವಾರ ದೋಣಿ ಹತ್ತಿ ಇಳಿದು ಮಾಡಿದ್ದೆವು. ಅವರ ಹೆದರಿಕೆಯ ಮುಂದೆ ನಮ್ಮದು ಎಲ್ಲಿಯ ಲೆಕ್ಕ?

ನನ್ನ ಗಂಡ ಹತ್ತಿರ ಹೋಗಿ ಕೂತು, "ಸೋಮವಾರ ಬರೋದು ಬೇಡ ಅಂತ ಅವರಿಗೆ ಹೇಳ್ತೀನಪ್ಪ. ಗೋಡೆ ಮೇಲೆ ಅಳಿಸಿ ಬರೆದ್ರೆ ಆಯ್ತು" ಎಂದರು.

"ಬರ್ಲಿ ಬಿಡೋ" ಎಂದರು ಮಾವ, ಪಂಚೆಯ ತುದಿಯಿಂದ ಮುಖ ಒರೆಸಿಕೊಳ್ಳುತ್ತಾ. "ಬಗ್ಗೋ ಬೆರಳು ಇನ್ನೂ ಬಗ್ಗುತ್ತೆ. ಎಷ್ಟು ಸಲ ಅಳಿಸಿ ಬರೀತೀಯಾ? ಅವರು ಟೇಪು ಹಿಡೀಲಿ, ನಾನು ಪಕ್ಕದಲ್ಲಿ ನಿಂತು ತಪ್ಪು ಹುಡುಕ್ತೀನಿ. ಕೈ ಹೋದ್ರೆ ಹೋಗ್ಲಿ. ಕೈ ಹೋಯ್ತು ಅಂತ ಯಾರಾದ್ರೂ ಅಳ್ತಾರಾ?" ಅಳುತ್ತಲೇ ಹಾಗೆಂದರು.

ಆಮೇಲೆ ನನ್ನ ಕಡೆ ನೋಡಿದರು. ಏನೋ ಕೇಳಬೇಕು, ಕೇಳಲು ಸಂಕೋಚ ಎನ್ನುವವರ ಹಾಗೆ.

"ಮಗೂನ ಶಾಲೆಗೆ ಬಿಡೋದು ನಿಲ್ಲಿಸಿದ್ನಲ್ಲಮ್ಮ, ಅದು ಮಂಡಿನೋವಿಗಲ್ಲ."

ಮೊದಲ ದಿನದಿಂದ ಮಗಳನ್ನು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದವರು ಮಾವನೇ. ಹೋದ ವರ್ಷ ಒಂದು ಬೆಳಿಗ್ಗೆ, ಮಂಡಿ ನೋಯುತ್ತದೆ, ಇನ್ನು ನೀನೇ ಬಿಟ್ಟು ಬಾ ಎಂದಿದ್ದರು. ಅಳತೆಗೆ ಊರೆಲ್ಲ ಸುತ್ತುವ ಮಂಡಿ ಶಾಲೆ ಎಂದ ಕೂಡಲೇ ನೋಯುವುದೇನು ಎಂದು ನಾನು ಪಕ್ಕದ ಮನೆಯವಳ ಹತ್ತಿರ ಆಡಿಕೊಂಡು ನಕ್ಕಿದ್ದೆ.

"ಅವಳ ಕೈ ಹಿಡ್ಕೊಂಡು ಹೋಗ್ತಾ ನಡುಬೀದೀಲಿ ದಾರಿ ಮರೆತುಹೋದ್ರೆ ಅಂತ" ಎಂದರು ಮಾವ. "ಇಲ್ಲಾ, ಇವಳು ಯಾರ ಮಗು ಅಂತ ಮರೆತುಹೋದ್ರೆ. ನಾನು ಎಲ್ಲಿಗಾದ್ರೂ ಹೋಗ್ಲಿ, ಮಗು ಗತಿ ಏನು?"

 ಮಗಳು ಹೋಗಿ ಅವರ ಮಡಿಲಿಗೆ ಒರಗಿ ನಿಂತಳು. ಮಾವ ಅವಳ ತಲೆಯ ಮೇಲೆ ಕೈಯಿಟ್ಟುಕೊಂಡು, ಮನೆಯ ಹಿರಿಯರು, ನನ್ನ ಹತ್ತಿರ ಅಪ್ಪಣೆ ಕೇಳಿದರು.

"ಶಾಲೆ ಶುರುವಾದ್ಮೇಲೆ ನಾನೇ ಕರ್ಕೊಂಡು ಹೋಗ್ಲೇನಮ್ಮ?"

"ಕರ್ಕೊಂಡು ಹೋಗಿ ಮಾವ" ಎಂದೆ. ಅಷ್ಟು ಹೇಳುವುದರೊಳಗೆ ನನಗೆ ಅಳು ಬಂದುಬಿಟ್ಟಿತು.